ಬೀಗದ ಕೈ ಮತ್ತು ಇಡ್ಲಿ ಪಾತ್ರೆ

ಅಂಗಡಿ ಇಟ್ಟವನು ಬೇರೆ ಏನಾದರೂ ಮಾಡಲು ಹೊರಟರೆ ಊರಿಗೆ ಅದು ಹೇಗೋ ವಾಸನೆ ಹತ್ತಿಬಿಡುತ್ತದೆ. ನೊಣ ಹೊಡೆಯುತ್ತ ಕೂತಿದ್ದಾಗ ಬಾರದ ಗಿರಾಕಿ, ನಾನು ಪೆನ್ನಿನ ಮುಚ್ಚಳ ತೆಗೆದ ಕೂಡಲೇ ನಾದಿನಿಯರನ್ನೆಲ್ಲ ಕಟ್ಟಿಕೊಂಡು ಮೆಟ್ಟಿಲು ಹತ್ತುತ್ತಾಳೆ. ಒಂದು ದಿನ ಆದರೆ ಗ್ರಹಚಾರ ಅನ್ನಬಹುದು. ವರ್ಷಗಟ್ಟಲೆ ಆದರೆ ಏನನ್ನಬೇಕೋ ನನಗೆ ಇನ್ನೂ ತಿಳಿದಿಲ್ಲ.

ಚೆನ್ನೈನ ಪುರಸೈವಾಕ್ಕಂನಲ್ಲಿ ನನ್ನದು ಎವರ್‌ಸಿಲ್ವರ್ ಪಾತ್ರೆ ಅಂಗಡಿ. ಸ್ಟೀಲಿಗೆ ಇಲ್ಲಿ ಅದೇ ಹೆಸರು. ತೊಂಬತ್ತರ ದಶಕದ ಕೊನೆಯಲ್ಲಿ, ಯಾವ ಕೆಟ್ಟ ಗಳಿಗೆಯೋ, ಕನ್ನಡದಲ್ಲಿ ಒಂದು ನಾಟಕ ಬರೆಯಬೇಕು ಅನ್ನಿಸಿತು. ಒಬ್ಬ ಮುದಿ ಪಾಳೇಗಾರ. ಕೋಟೆಯ ಬೀಗದ ಕೈಯನ್ನು ಇಬ್ಬರು ಮಕ್ಕಳಲ್ಲಿ ಯಾರಿಗೂ ಕೊಡದೆ ಸೊಂಟದಲ್ಲೇ ಸಿಕ್ಕಿಸಿಕೊಂಡಿರುತ್ತಾನೆ. ಮಕ್ಕಳು ಹೊಡೆದಾಡುತ್ತಾರೆ, ಕೋಟೆಗೆ ಬೆಂಕಿ ಬೀಳುತ್ತದೆ, ಮುದುಕ ಸಾಯುತ್ತಾನೆ. ಅವನ ಹೆಂಡತಿ ಹೆಣದ ಸೊಂಟದಿಂದ ಬೀಗದ ಕೈ ಬಿಚ್ಚಿಕೊಂಡು ಹೇಳುತ್ತಾಳೆ: “ಬೀಗದ ಕೈ ಸಿಕ್ಕಿತು. ಬಾಗಿಲೇ ಇಲ್ಲ.”

ನನಗೆ ಮೊದಲು ಹೊಳೆದದ್ದೇ ಈ ಕೊನೆಯ ಮಾತು. ಉಳಿದದ್ದನ್ನೆಲ್ಲ ಇಲ್ಲಿಗೆ ಬಂದು ಸೇರುವ ಹಾಗೆ ಹಿಂದಿನಿಂದ ಮುಂದಕ್ಕೆ ಬರೆದೆ. ಆಸೆ ದೊಡ್ಡದಲ್ಲ. ಹೆಸರು ಬೇಡ, ಹಾರ ಬೇಡ. ಆ ನಾಟಕ ಒಂದೇ ಒಂದು ಸಲ, ನಾಲ್ಕು ಜನರ ಮುಂದೆ, ಮೊದಲಿನಿಂದ ಈ ಮಾತಿನ ತನಕ ನಡೆಯಬೇಕು. ಅಷ್ಟೇ.

ಗಲ್ಲಾದಲ್ಲಿ ಪಾಳೇಗಾರ

ಬರೆಯುವುದಕ್ಕೆ ನನಗೆ ಗಲ್ಲಾ ಬಿಟ್ಟರೆ ಬೇರೆ ಜಾಗವಿಲ್ಲ. ಮನೆಯಲ್ಲಿ ಕೂತರೆ ಯಾರದೋ ನಾಮಕರಣ, ಯಾರದೋ ಗೃಹಪ್ರವೇಶ, ಸಂಜೆಯಾದರೆ ನೆಂಟರು. ಹೀಗಾಗಿ ಬಿಲ್ಲಿಗೂ ಬಿಲ್ಲಿಗೂ ನಡುವೆ ಬರೆಯುತ್ತಿದ್ದೆ. ಬರೆದದ್ದನ್ನು ಬಾಯಲ್ಲಿ ಆಡಿ ನೋಡದೆ ಸಮಾಧಾನವಿಲ್ಲ.

ಒಂದು ಮಧ್ಯಾಹ್ನ ಪಾಳೇಗಾರ ಮಕ್ಕಳನ್ನು ಗದರಿಸುವ ಮಾತು ಬರೆಯುತ್ತಿದ್ದೆ. ಎದುರಿಗೆ ಒಬ್ಬ ಹೆಂಗಸು ನೀರಿನ ಕೊಡ ಹಿಡಿದು ತಮಿಳಿನಲ್ಲಿ ಚೌಕಾಸಿ ಮಾಡುತ್ತಿದ್ದಾಳೆ. ನನಗೆ ಕಿವಿ ಆ ಕಡೆ ಇಲ್ಲ. ತಲೆ ಎತ್ತದೆ, ಗಂಟಲು ತುಂಬ ಹೇಳಿದೆ: “ನನ್ನ ಪ್ರಾಣ ಹೋಗುವ ತನಕ ಕೊಡುವುದಿಲ್ಲ. ನನ್ನ ಹೆಣ ದಾಟಿಕೊಂಡು ಹೋಗಿ ತೆಗೆದುಕೊಳ್ಳಿ.”

ಆ ಹೆಂಗಸಿಗೆ ಕನ್ನಡ ಬಾರದಿದ್ದರೂ ಧ್ವನಿ ತಿಳಿಯಿತು. ಕೊಡವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. “ಕೋಪ ಮಾಡಿಕೋಬೇಡಿ ಅಣ್ಣಾ, ನೀವು ಹೇಳಿದ ರೇಟಿಗೇ ಕೊಡಿ” ಎಂದು ತಮಿಳಿನಲ್ಲೇ ಅಂದಳು. ಅವಳ ಹಿಂದೆ ಸಾಲಿನಲ್ಲಿ ನಿಂತವರೂ ಆ ದಿನ ಬಾಯಿ ಬಿಡದೆ ಕೊಂಡುಹೋದರು. ನನ್ನ ನಾಟಕದಿಂದ ಯಾರಾದರೂ ಬೆಚ್ಚಿದ್ದು ಅದೇ ಮೊದಲು. ಕಡೆಯೂ ಅದೇ.

ಎರಡನೆಯ ಅಂಕದ ಚಟ್ನಿ

ಮದುವೆಗೆ ಪಾತ್ರೆ ಕೊಂಡವರು ಮದುವೆಗೂ ಕರೆಯುತ್ತಾರೆ. ಹೋಗದಿದ್ದರೆ ಅವರ ಎರಡನೆಯ ಮಗಳ ಪಾತ್ರೆ ಎದುರಿನ ಅಂಗಡಿಗೆ. ಆದ್ದರಿಂದ ಮುಹೂರ್ತದ ತಿಂಗಳುಗಳಲ್ಲಿ ನಾನು ರಿಸೆಪ್ಷನ್ನಿನ ಸಾಲಿನಲ್ಲಿ ನಿಂತಷ್ಟು ಹೊತ್ತು ಅಂಗಡಿಯಲ್ಲೂ ಕೂತಿಲ್ಲ. ವೇದಿಕೆಗೆ ಹತ್ತುವ ಸಾಲು ಆಮೆಯ ಹಾಗೆ ಸಾಗುತ್ತದೆ. ಈ ಹೊತ್ತನ್ನು ಯಾಕೆ ಹಾಳು ಮಾಡಬೇಕು ಎಂದು ಎರಡನೆಯ ಅಂಕವನ್ನು ಹಳದಿ ಬಟ್ಟೆ ಚೀಲದಲ್ಲಿ ಇಟ್ಟುಕೊಂಡು ಹೋಗಲು ಶುರು ಮಾಡಿದೆ. ಸಾಲಿನಲ್ಲಿ ನಿಂತು ತಿದ್ದುತ್ತಿದ್ದೆ. ಮದುಮಕ್ಕಳಿಗೆ ಕೈ ಕೊಟ್ಟು, ವಿಡಿಯೋದವನ ದೀಪಕ್ಕೆ ಹಲ್ಲು ತೋರಿಸಿ, ಊಟಕ್ಕೆ ಕೂತು ಮತ್ತೆ ತಿದ್ದುತ್ತಿದ್ದೆ.

ಟಿ. ನಗರದ ಒಂದು ಛತ್ರದಲ್ಲಿ ಕೈ ತೊಳೆಯಲು ಹೋಗುವಾಗ ಚೀಲವನ್ನು ಕುರ್ಚಿಯ ಮೇಲಿಟ್ಟು ಹೋದೆ. ಬಂದು ಎತ್ತಿಕೊಂಡೆ. ಬಾಗಿಲಲ್ಲಿ ಎಲ್ಲರಿಗೂ ತಾಂಬೂಲ ಕೊಡುತ್ತಿದ್ದರು. ಅದೂ ಹಳದಿ ಚೀಲವೇ. “ನಿಮ್ಮ ಕೈಯಲ್ಲಿ ಆಗಲೇ ಇದೆಯಲ್ಲ ಸಾರ್” ಎಂದು ನನಗೆ ಕೊಡಲಿಲ್ಲ. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಮನೆಗೆ ಬಂದು ಚೀಲ ಬಿಚ್ಚಿದರೆ ಒಂದು ತೆಂಗಿನಕಾಯಿ, ಎರಡು ವೀಳ್ಯದೆಲೆ, ಅಡಿಕೆ ಪೊಟ್ಟಣ. ಎರಡನೆಯ ಅಂಕ ಯಾರದೋ ಮನೆಗೆ ಹೋಗಿತ್ತು. ಬೆಳಿಗ್ಗೆ ಛತ್ರಕ್ಕೆ ಓಡಿದೆ, ಬೀಗರ ಮನೆಗೆ ಫೋನ್ ಮಾಡಿದೆ. ಯಾರೂ ಒಪ್ಪಿಕೊಳ್ಳಲಿಲ್ಲ. ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ನನ್ನ ಹೆಂಡತಿ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು.

“ಯಾಕ್ರೀ ಅಷ್ಟು ಬೇಜಾರು? ಚಟ್ನಿಗಂತೂ ಆಯಿತು” ಅಂದಳು.

ಮೂರು ಭಾಷೆಯ ಅರಮನೆ

ಎರಡನೆಯ ಅಂಕವನ್ನು ನೆನಪಿನಿಂದ ಮತ್ತೆ ಬರೆದೆ. ನಮ್ಮ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಆಡೋಣ ಅಂದರು. ರಾಜ್ಯೋತ್ಸವ ಬರುವುದು ನವೆಂಬರಿನಲ್ಲಿ, ದೀಪಾವಳಿಯ ವ್ಯಾಪಾರದ ಬೆನ್ನಿಗೆ ಅಂಟಿಕೊಂಡು. ತಾಲೀಮು ಭಾನುವಾರವೇ ಆಗಬೇಕು, ಯಾಕೆಂದರೆ ಮಿಕ್ಕವರಿಗೆಲ್ಲ ಅಂದು ರಜೆ. ನನಗೆ ಅಂದೇ ಅತಿ ಹೆಚ್ಚು ಗಿರಾಕಿ. ನನ್ನ ಅನುಕೂಲ ಕೇಳಿದವರು ಯಾರೂ ಇಲ್ಲ. ಜಾಗ ಮಾತ್ರ ನನ್ನದೇ: ಅಂಗಡಿಯ ಮಹಡಿ ಮೇಲಿನ ಗೋಡೌನು.

ಪಾಳೇಗಾರ ಆಗಿದ್ದವರು ಒಬ್ಬ ಬ್ಯಾಂಕ್ ಅಧಿಕಾರಿ. ಒಳ್ಳೆ ಎತ್ತರ, ಒಳ್ಳೆ ಮೀಸೆ. ಹೆಂಡತಿಯ ಪಾತ್ರಕ್ಕೆ ಅವರ ಹೆಂಡತಿಯೇ. ದೊಡ್ಡ ಮಗನಾಗಿ ಧಾರವಾಡದ ಕಡೆಯ ಒಬ್ಬ ವಿಮಾ ಅಧಿಕಾರಿ, ಚಿಕ್ಕ ಮಗನಾಗಿ ಕಾಲೇಜು ಓದುತ್ತಿದ್ದ ಅವರ ಮಗ. ಅಪ್ಪ ಮಗ ಇಬ್ಬರೂ ಅಣ್ಣ ತಮ್ಮ. ಕನ್ನಡದವರು ಬೇಕು ಅಂದರೆ ಇಲ್ಲಿ ಹೀಗೆಲ್ಲ ಹೊಂದಿಸಿಕೊಳ್ಳಬೇಕು.

ಹುಡುಗನಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಬರುವುದು ಮಾತ್ರ ತಮಿಳಿನಲ್ಲಿ. ಪಾಳೇಗಾರ ಕಣ್ಣಲ್ಲಿ ನೀರು ತುಂಬಿಕೊಂಡು, “ಮಗನೇ, ಕತ್ತಿ ಹಿಡಿದು ಬಂದಿದ್ದೀಯ. ಹೆತ್ತ ತಂದೆಯನ್ನೇ ಕೊಲ್ಲುತ್ತೀಯಾ?” ಎಂದು ಕೇಳಿದರು. ಹುಡುಗ ಬರೆದ ಮಾತು ಮರೆತು ಮನೆಯಲ್ಲಿ ಹೇಳುವ ಹಾಗೇ ಹೇಳಿದ: “ಇಲ್ಲಪ್ಪಾ, ಸುಮ್ಮಾ ಪಾತ್ತುಟ್ಟು ಪೋಲಾಂನು ವಂದೇನ್.” ಕೊಲ್ಲಲು ಬಂದವನು ಸುಮ್ಮನೆ ನೋಡಿಕೊಂಡು ಹೋಗೋಣ ಅಂತ ಬಂದೆ ಅಂದ.

ಅವನಪ್ಪ, ವಿಮೆಯವರು, ಇನ್ನೊಂದು ಬಗೆ. ಸಾವಿನ ದೃಶ್ಯದಲ್ಲಿ ಪಾಳೇಗಾರ ನೆಲಕ್ಕೆ ಬಿದ್ದು ಕೊನೆಯುಸಿರು ಎಳೆಯುತ್ತಿದ್ದಾನೆ. ದೊಡ್ಡ ಮಗ ಪಕ್ಕದಲ್ಲಿ ಮಂಡಿಯೂರಿ ಅಳಬೇಕು. ಮಂಡಿಯೂರಿದವರು ಕಿವಿಯಲ್ಲಿ, “ಸಾವು ಅಂದಕೂಡ್ಲೆ ನೆನಪಾತ್ ನೋಡ್ರಿ, ನಿಮ್ಮ ಪಾಲಿಸಿ ಫಾರ್ಮ್ ಇನ್ನೂ ಕೊಟ್ಟಿಲ್ಲ” ಅಂದರು. ಪಾಳೇಗಾರ ಕಣ್ಣು ಮುಚ್ಚಿಕೊಂಡೇ, “ಮುಂದಿನ ತಿಂಗಳು ನೋಡೋಣ” ಅಂದರು. ಆ ಮುಂದಿನ ತಿಂಗಳಿಗೆ ಮೊದಲೇ ಬ್ಯಾಂಕಿನವರು ಅವರನ್ನು ಸೇಲಂಗೆ ವರ್ಗ ಮಾಡಿದರು. ರಾಜನೂ ಹೋದ, ರಾಣಿಯೂ ಹೋದಳು.

ಮಾತುಗಳೆಲ್ಲ ಬಾಯಿಪಾಠ ಇದ್ದವನು ನಾನೊಬ್ಬನೇ, ನಾನೇ ಪಾಳೇಗಾರ ಆದೆ. ರಾಣಿಗಾಗಿ ಊರೆಲ್ಲ ಅಲೆದು ಕಡೆಗೆ ಹೆಂಡತಿಯನ್ನೇ ಕೇಳಿದೆ.

“ಅಲ್ಲೂ ನಿಮ್ಮ ಹೆಂಡತಿನೇ ಆಗಬೇಕಾ?” ಅಂದಳು. ಆಮೇಲೆ, “ಕೊನೇಲಿ ನೀವು ಸಾಯ್ತೀರಿ ತಾನೆ? ಆಗಲಿ ಬಿಡಿ” ಎಂದು ಒಪ್ಪಿದಳು.

ಸಮಯದ ಅಭಾವ

ರಾಜ್ಯೋತ್ಸವ ಬಂತು. ಸಂಘದ ಅಧ್ಯಕ್ಷರು ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಅವರ ಕಾಲದಲ್ಲಿ ಗಾಡಿಗಳು ಹೇಗೆ ಓಡುತ್ತಿದ್ದವೋ ನನಗೆ ತಿಳಿಯದು. ಸಭೆಯಂತೂ ಹೊರಡಲೇ ಇಲ್ಲ. ಪ್ರಾರ್ಥನೆ, ಸ್ವಾಗತ, ಮುಖ್ಯ ಅತಿಥಿಗಳ ಪರಿಚಯ, ಪರಿಚಯ ಮಾಡಿದವರ ಪರಿಚಯ, ಶಾಲು, ಹಾರ, ಗಂಧದ ಹಾರ. ಮುಖ್ಯ ಅತಿಥಿಗಳು, “ನಾಟಕ ನೋಡಲು ನೀವೆಲ್ಲ ಕಾಯುತ್ತಿದ್ದೀರಿ, ಆದ್ದರಿಂದ ಎರಡೇ ಮಾತು” ಎಂದು ಶುರು ಮಾಡಿದರು. ನಾನು ಪಕ್ಕದ ಕೋಣೆಯಲ್ಲಿ ಮೀಸೆ ಅಂಟಿಸಿಕೊಂಡು ನಿಂತಿದ್ದೆ. ಅವರು ಮುಗಿಸುವ ಹೊತ್ತಿಗೆ ಮೀಸೆಯ ಅಂಟು ಒಣಗಿ ಒಂದು ಕಡೆ ಬಿಟ್ಟುಕೊಂಡಿತ್ತು.

ಸಭಾಂಗಣದ ಕಾವಲುಗಾರ ಬಂದು ಫ್ಯಾನುಗಳನ್ನು ಆರಿಸಲು ತೊಡಗಿದ. ಅಧ್ಯಕ್ಷರು ನನ್ನ ಹೆಗಲ ಮೇಲೆ ಕೈ ಹಾಕಿ, “ಸಮಯದ ಅಭಾವ. ಹತ್ತು ನಿಮಿಷ ಇದೆ. ನಿಮ್ಮ ನಾಟಕದಲ್ಲಿ ಮುಖ್ಯವಾದದ್ದು ಎಷ್ಟಿದೆಯೋ ಅಷ್ಟು ಮಾಡಿಬಿಡಿ” ಅಂದರು.

ವ್ಯಾಪಾರಸ್ಥನಿಗೆ ಲೆಕ್ಕ ಬೇಗ ಹೊಳೆಯುತ್ತದೆ. ಹತ್ತು ನಿಮಿಷದಲ್ಲಿ ಕೊನೆಯ ದೃಶ್ಯ ಆಗುತ್ತದೆ, ಕೊನೆಯ ಮಾತಾದರೂ ಜನರ ಕಿವಿಗೆ ಬೀಳುತ್ತದೆ. ಒಪ್ಪಿದೆ. ಪರದೆ ಎದ್ದಿತು. ಬಂದೆ, ಎದೆ ಹಿಡಿದುಕೊಂಡೆ, ಬಿದ್ದೆ, ಸತ್ತೆ. ಯಾರು ಇವನು, ಯಾಕೆ ಸತ್ತ ಎಂದು ಸಭೆಯಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಹೆಂಡತಿ ಬಂದು ನನ್ನ ಪಕ್ಕ ಕೂತು ಬೀಗದ ಕೈ ಬಿಚ್ಚಿಕೊಂಡು ಬಾಯಿ ತೆರೆದಳು. ಅಷ್ಟರಲ್ಲಿ ಮೈಕಿನಲ್ಲಿ ಅಧ್ಯಕ್ಷರ ಧ್ವನಿ: “ಎಲ್ಲರಿಗೂ ಹಿಂದೆ ಊಟದ ವ್ಯವಸ್ಥೆ ಇದೆ, ಬಿಸಿಬೇಳೆಬಾತ್ ಆರುವ ಮುಂಚೆ ದಯವಿಟ್ಟು ಬರಬೇಕು.” ಪರದೆ ಎಳೆಯುವವನು ಅದನ್ನೇ ಕಾಯುತ್ತಿದ್ದ. ಕೈ ಬಿಟ್ಟು ಓಡಿದ. ಪರದೆ ನನ್ನ ಮೂಗಿನ ಮೇಲೆ ಬಿತ್ತು.

ಪರದೆಯ ಆಚೆ ಮುಂದಿನ ಸಾಲಿನ ಒಬ್ಬ ಅಜ್ಜಿ ಹೇಳಿದ್ದು ಕೇಳಿಸಿತು. “ಪಾಪ, ಬಂದವನೇ ಸತ್ತ. ಊಟವಾದರೂ ಮಾಡಿ ಸಾಯಬಹುದಿತ್ತು.”

ಮಳೆ ನಿಂತಿತು

ಮಾರನೆಯ ವರ್ಷ ಮತ್ತೆ ತಾಲೀಮು. ಬುದ್ಧಿ ಇದ್ದವನು ಬಿಡುತ್ತಿದ್ದ. ದೀಪಾವಳಿಗೆ ಮುಂಚಿನ ಭಾನುವಾರ, ಅಂಗಡಿ ತುಂಬ ಜನ. ಸಂಜೆ ವಿಮಾ ಅಧಿಕಾರಿಯೂ ಅವರ ಮಗನೂ ಬಂದು ಮೇಲೆ ಕಾಯುತ್ತಿದ್ದರು, ನನ್ನ ಹೆಂಡತಿಯೂ ಬಂದಿದ್ದಳು. ನಾನು ಕೆಳಗೆ ಬಿಲ್ ಬರೆಯುತ್ತಿದ್ದೆ. ಆಗ ಮಳೆ ಹಿಡಿಯಿತು. ಪುರಸೈವಾಕ್ಕಂ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಿತು, ಆಟೋಗಳೆಲ್ಲ ಕೆಟ್ಟು ನಿಂತವು, ನೀರು ನನ್ನ ಮೆಟ್ಟಿಲು ಹತ್ತಿ ಒಳಕ್ಕೆ ಬಂತು. ಗಿರಾಕಿಗಳನ್ನು ಹೊರಗೆ ಕಳಿಸುವ ಹಾಗಿಲ್ಲ. ಆರಿಸಿಕೊಂಡ ಪಾತ್ರೆಗಳ ಸಮೇತ ಎಲ್ಲರನ್ನೂ ಮಹಡಿಗೆ ಹತ್ತಿಸಿದೆ. ರಟ್ಟಿನ ಪೆಟ್ಟಿಗೆಗಳ ಮೇಲೆ ಕೂರಿಸಿದೆ. ಬಿಲ್ ಪುಸ್ತಕವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಎಲ್ಲರೂ ನನ್ನನ್ನೇ ನೋಡುತ್ತ ಕೂತರು. ನಾನೂ ಅವರನ್ನು ನೋಡಿದೆ. ಮುಖ್ಯ ಅತಿಥಿ ಇಲ್ಲ, ಶಾಲು ಇಲ್ಲ, ಬಿಸಿಬೇಳೆಬಾತ್ ಇಲ್ಲ. ಹೊರಗೆ ಹೋಗಲು ದಾರಿಯೇ ಇಲ್ಲದ ಸಭೆ. ಒಬ್ಬರಿಗೂ ಕನ್ನಡ ಬಾರದು, ನಿಜ. ಆದರೆ ಎಲ್ಲ ಅನುಕೂಲವೂ ಒಟ್ಟಿಗೆ ಯಾರಿಗೆ ಸಿಗುತ್ತದೆ?

“ಶುರು ಮಾಡೋಣು?” ಅಂದರು ವಿಮಾ ಅಧಿಕಾರಿ.

ಮಾಡಿದೆವು. ಮೊದಲ ಅಂಕ ಪೂರ್ತಿ ಆಯಿತು. ಎರಡನೆಯ ಅಂಕವೂ ಆಯಿತು. ಹುಡುಗ ತಪ್ಪಿ ತಮಿಳಿನಲ್ಲಿ ಹೇಳಿದ್ದೊಂದೇ ಜನರಿಗೆ ಅರ್ಥವಾಗಿ, ಅವರು ಅವನ ಪಕ್ಷ ವಹಿಸಿದರು. ಮುಂದೆ ಕೂತಿದ್ದ ಒಬ್ಬ ವಯಸ್ಸಾದ ಅಮ್ಮ, ದೊಡ್ಡ ಇಡ್ಲಿ ಪಾತ್ರೆಯ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, “ಬೀಗದ ಕೈ ಆ ಚಿಕ್ಕವನಿಗೇ ಕೊಡಬಾರದಾ?” ಎಂದು ತಮಿಳಿನಲ್ಲಿ ನನ್ನನ್ನೇ ಕೇಳಿದರು. ನನಗೆ ಮೈ ಝುಮ್ ಅಂದಿತು. ಮೂರನೆಯ ಅಂಕ. ಕೋಟೆಗೆ ಬೆಂಕಿ ಬಿತ್ತು. ನಾನು ಎದೆ ಹಿಡಿದುಕೊಂಡು ರಟ್ಟುಗಳ ಮೇಲೆ ಬಿದ್ದು ಸತ್ತೆ. ಯಾರೂ ಕೆಮ್ಮಲಿಲ್ಲ. ಹೆಂಡತಿ ಬಂದು ಪಕ್ಕ ಕೂತಳು. ಸೊಂಟಕ್ಕೆ ಕೈ ಹಾಕಿದಳು. ಇನ್ನು ಒಂದೇ ಒಂದು ಮಾತು ಉಳಿದಿತ್ತು.

ಮಳೆ ನಿಂತಿತು.

ಗೋಡೌನಿನ ತಗಡಿನ ಚಾವಣಿ ಮೇಲಿನ ಸದ್ದು ನಲ್ಲಿ ನಿಲ್ಲಿಸಿದ ಹಾಗೆ ನಿಂತಿತು. ಜನ ಧಡಧಡ ಎದ್ದರು. ಇಡ್ಲಿ ಪಾತ್ರೆಯ ಅಮ್ಮ ನನ್ನ ಹೆಣದ ಮೇಲೆ ಬಗ್ಗಿ ಹೇಳಿದರು: “ಸಾರ್, ಮಳೆ ನಿಂದುಪೋಚ್ಚು. ಎಳುಂದು ಬಿಲ್ ಪೋಡುಂಗ.”

ಹೆಣ ಎದ್ದು ಬಿಲ್ ಹಾಕಬೇಕಂತೆ. ನಾನು ಅಲ್ಲಾಡಲಿಲ್ಲ. ಹೆಂಡತಿ ಆ ಮಾತು ಹೇಳಲಿ ಎಂದು ಉಸಿರು ಹಿಡಿದಿದ್ದೆ. ಅವಳು ಕಿಟಕಿಯ ಕಡೆ ನೋಡಿದಳು, ಮೆಟ್ಟಿಲ ಕಡೆ ಹೊರಟ ಜನರನ್ನು ನೋಡಿದಳು, ನನ್ನನ್ನು ನೋಡಿದಳು. ಎಷ್ಟೆಂದರೂ ವ್ಯಾಪಾರಸ್ಥನ ಹೆಂಡತಿ. ಬೀಗದ ಕೈ ಬಿಟ್ಟು ಬಿಲ್ ಪುಸ್ತಕ ಬಿಚ್ಚಿಕೊಂಡಳು.

“ಏಳ್ರೀ, ಹೊರಟುಬಿಡ್ತಾರೆ” ಅಂದಳು.

ಎದ್ದೆ. ಬೇರೇನು ಮಾಡಲಿ? ರಟ್ಟಿನ ಮೇಲೆ ಕೂತು ಬಿಲ್ ಬರೆದೆ. ಆ ಅಮ್ಮನಿಗೇ ಮೊದಲು. ದುಡ್ಡು ಎಣಿಸಿ ಕೊಡುತ್ತ ಅವರು ಕೇಳಿದರು, “ಆ ರಾಣಿಯಮ್ಮ ಕಡೆಯಲ್ಲಿ ಏನೋ ಹೇಳಲು ಬಂದರಲ್ಲ, ಏನದು?”

ಇಷ್ಟು ವರ್ಷಗಳಲ್ಲಿ ಅದನ್ನು ಕೇಳಿದವರು ಅವರೊಬ್ಬರೇ. ನಾನು ಬಿಲ್ ಹರಿಯುತ್ತ ತಮಿಳಿನಲ್ಲಿ ಹೇಳಿದೆ: “ಬೀಗದ ಕೈ ಸಿಕ್ಕಿತು, ಬಾಗಿಲೇ ಇಲ್ಲ ಅಂತ.”

ಅಮ್ಮನ ಮುಖ ಗಂಭೀರವಾಯಿತು. ಆಮೇಲೆ ಪೆಟ್ಟಿಗೆಯನ್ನು ಕೆಳಗಿಟ್ಟು, ಕಟ್ಟಿದ ದಾರ ಬಿಚ್ಚಿ, ಇಡ್ಲಿ ಪಾತ್ರೆಗೆ ಮುಚ್ಚಳ ಇದೆಯೇ ಎಂದು ನೋಡಿಕೊಂಡರು.