ಆಕಾಶನೌಕೆಯಲ್ಲಿ ಜೂಕ್‌ಬಾಕ್ಸ್

ಟೀವಿಗೆ ವೈಜ್ಞಾನಿಕ ಧಾರಾವಾಹಿ ಬರೆಯುವವರ ಬುದ್ಧಿಯ ಬಗ್ಗೆ ನನಗೆ ಎಂದೂ ಗೌರವ ಹುಟ್ಟಿದ್ದಿಲ್ಲ. ಮನುಷ್ಯ ನಕ್ಷತ್ರಗಳನ್ನು ದಾಟಿರುತ್ತಾನೆ, ಅನ್ನದ ಬದಲು ಗುಳಿಗೆ ನುಂಗುತ್ತಿರುತ್ತಾನೆ. ಆದರೆ ಆಕಾಶನೌಕೆಯ ಮೂಲೆಯಲ್ಲಿ ಒಂದು ಜೂಕ್‌ಬಾಕ್ಸ್ ಮಾತ್ರ ನಿಂತೇ ಇರುತ್ತದೆ. ಕಾಸು ಹಾಕಿ ಗುಂಡಿ ಒತ್ತಿದರೆ ತಟ್ಟೆ ತಿರುಗಿ ಹಾಡುವ, ಕೆಂಪು ಹಳದಿ ದೀಪದ ಅದೇ ಹಳೇ ಪೆಟ್ಟಿಗೆ. ಆ ಗ್ರಹದಲ್ಲಿ ಚಿಲ್ಲರೆ ಕೊಡುವವರು ಯಾರು, ಕೆಟ್ಟರೆ ರಿಪೇರಿ ಮಾಡುವವರು ಯಾರು? ಸೋಫಾದಲ್ಲಿ ಕೂತು ನಾನು ಇಂಥ ಪ್ರಶ್ನೆ ಶುರು ಮಾಡಿದರೆ ಮನೆಯವರು ಒಬ್ಬೊಬ್ಬರಾಗಿ ಅಡುಗೆಮನೆಗೆ ಎದ್ದು ಹೋಗುತ್ತಾರೆ. ಮುಂಬಯಿಯ ಸಯನ್ನಿನ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಇಬ್ಬರು ನಿಲ್ಲುವುದೇ ಕಷ್ಟ. ಆದರೂ ಹೋಗುತ್ತಾರೆ.

ಇಂಥ ನನ್ನನ್ನೇ ಹೆಂಡತಿಯ ತಮ್ಮ ರಾಘವ ಒಂದು ಜೂಕ್‌ಬಾಕ್ಸಿನ ಕಾವಲಿಗೆ ಕಳಿಸಿದ. ಜೋಗೇಶ್ವರಿಯ ಅವನ ಹೋಟೆಲಿನಲ್ಲಿ, ತೀರಿಕೊಂಡ ಅವನ ತಂದೆ ತಂದಿಟ್ಟ ಜೂಕ್‌ಬಾಕ್ಸ್ ಇದೆ. ಅದು ಹಾಡು ನಿಲ್ಲಿಸಿ ಎಷ್ಟೋ ಕಾಲವಾಯಿತು. ಆದರೂ ದಿನಾ ಬೆಳಿಗ್ಗೆ ದೇವರಿಗೆ ಊದುಬತ್ತಿ ಹಚ್ಚಿದ ಮೇಲೆ ರಾಘವ ಅದರ ಗಾಜು ಒರೆಸುತ್ತಾನೆ. ಮಲಾಡಿನಲ್ಲಿ ಧಾರಾವಾಹಿ ತೆಗೆಯುತ್ತಿದ್ದವರು ಬಂದು ಅದನ್ನು ಕೇಳಿದಾಗ, ಅಪ್ಪನ ಪೆಟ್ಟಿಗೆ ಟೀವಿಯಲ್ಲಿ ಬರಲಿ ಎಂಬ ಆಸೆಗೆ ಒಪ್ಪಿಬಿಟ್ಟ. ಊಟದ ಹೊತ್ತಿನಲ್ಲಿ ಅವನು ಗಲ್ಲಾ ಬಿಡುವಂತಿರಲಿಲ್ಲ.

"ಭಾವ, ನೀವು ಅದರ ಒಟ್ಟಿಗೆ ಹೋಗಿ ಮಾರಾಯ್ರೆ. ನಿಮ್ಮ ಬಾಯಿಗೆ ಅವ್ರು ಹೆದರ್ತಾರೆ. ಅದಕ್ಕೊಂದು ಗೀರು ಬೀಳ್ಬಾರ್ದು."

ಹೋದೆ. ಆಕಾಶನೌಕೆ ಥರ್ಮೋಕೋಲಿನದು, ಒರಗಿದ್ದಕ್ಕೆ ಬೆಳ್ಳಿ ಬಣ್ಣವೆಲ್ಲ ನನ್ನ ಅಂಗಿಗೆ ಬಂತು. ಕ್ಯಾಪ್ಟನ್ ಕೂರುವುದು ಕ್ಷೌರದಂಗಡಿಯ ಕುರ್ಚಿಯ ಮೇಲೆ. ಜುಟ್ಟು ಕಟ್ಟಿದ್ದ ನಿರ್ದೇಶಕ ದೃಶ್ಯ ವಿವರಿಸಿದ: ನೌಕೆ ಅಲುಗಾಡುತ್ತದೆ, ಜೂಕ್‌ಬಾಕ್ಸ್ ಮಗುಚಿ ಬೀಳುತ್ತದೆ, ಕೆಳಗೆ ಗಾದಿ ಹಾಸಿರುತ್ತದೆ. ಇದು ನಮ್ಮ ವಸ್ತು, ಬೀಳಿಸಕೂಡದು ಎಂದರೆ ಸಾಕಿತ್ತು. ಅಷ್ಟಕ್ಕೇ ನಿಲ್ಲಿಸುವ ಜಾಯಮಾನ ನನ್ನದಲ್ಲ. ನೌಕೆಯೊಳಗೆ ಭಾರವೇ ಇರುವುದಿಲ್ಲ, ಯಾವುದೂ ಬೀಳುವುದಿಲ್ಲ, ತೇಲುತ್ತದೆ, ಇದು ಶಾಲೆಗೆ ಹೋದವರಿಗೆಲ್ಲ ಗೊತ್ತಿರುವ ಸಂಗತಿ ಎಂದು ಹಿಂದಿಯಲ್ಲಿ ಭಾಷಣವನ್ನೇ ಬಿಗಿದೆ. ಗೆದ್ದೆ ಎಂದುಕೊಂಡೆ.

ನಿರ್ದೇಶಕ ನನ್ನ ಎರಡೂ ಕೈ ಹಿಡಿದುಕೊಂಡ. "ಅಂಕಲ್, ಸಹೀ ಬೋಲಾ ಆಪ್‌ನೇ," ನೀವು ಹೇಳಿದ್ದೇ ಸರಿ ಎಂದವನೇ ಹಗ್ಗ, ರಾಟೆ ತರಿಸಿದ.

ಊಟದ ಗಿರಾಕಿಗಳು ಮುಗಿದ ಮೇಲೆ ಲೋಕಲ್ ರೈಲು ಹಿಡಿದು ರಾಘವ ಬಂದಾಗ, ಅವನ ಅಪ್ಪನ ಪೆಟ್ಟಿಗೆ ಥರ್ಮೋಕೋಲ್ ನಕ್ಷತ್ರಗಳ ನಡುವೆ ಓರೆಯಾಗಿ ನೇತಾಡುತ್ತಿತ್ತು. ಮೇಲೇರಿಸಿದ್ದು ಯಾರೆಂದು ಅವನು ಮೆಲ್ಲಗೆ ಕೇಳಿದ. ಎಲ್ಲರೂ ಗೌರವದಿಂದ ನನ್ನತ್ತ ನೋಡಿದರು. ಇಳಿಸುವಾಗ ಒಂದು ಮೂಲೆ ನೆಲಕ್ಕೆ ತಗಲಿ ಗಾಜು ಈ ತುದಿಯಿಂದ ಆ ತುದಿಗೆ ಬಿರುಕು ಬಿಟ್ಟಿತು. ರಾಘವ ಹೋಟೆಲಿನ ಮೇಜುಬಟ್ಟೆ ಸುತ್ತಿ ಅದನ್ನು ಟೆಂಪೋಕ್ಕೆ ಏರಿಸಿದ. ದಾರಿಯುದ್ದಕ್ಕೂ ಹಿಂದೆ ಅದನ್ನು ತಬ್ಬಿ ಕೂತಿದ್ದ. ನಾನು ಮುಂದೆ ಡ್ರೈವರನ ಪಕ್ಕ ಕೂತು ರಸ್ತೆ ನೋಡುತ್ತಿದ್ದೆ.

ಧಾರಾವಾಹಿ ಬಂತು. ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಜೂಕ್‌ಬಾಕ್ಸ್ ತೇಲಿ ಹೋಗಿತ್ತು. ಕೊನೆಯಲ್ಲಿ ಹೆಸರುಗಳು ಸರಿಯುವಾಗ, ಕೇಶಾಲಂಕಾರದವರ ಕೆಳಗೆ, ವೈಜ್ಞಾನಿಕ ಸಲಹೆಗಾರ ಎಂದು ನನ್ನ ಹೆಸರು. ಅದರಲ್ಲೂ ಒಂದು ಅಕ್ಷರ ತಪ್ಪು.

ರಾಘವ ಫೋನ್ ಮಾಡಿದ. "ಭಾವ, ನಿಮ್ಮ ಹೆಸ್ರು ಬಂತಲ್ಲ. ಅಪ್ಪಂದು ಎಲ್ಲೂ ಬರ್ಲಿಲ್ಲ."

ಅದೆಲ್ಲ ಮೂರ್ಖರ ಧಾರಾವಾಹಿ, ಬಿಡು ಎನ್ನಲು ಬಾಯಿ ತೆರೆದೆ. ಆದರೆ ಆ ಪರದೆಯ ಫೋಟೋ ತೆಗೆದು, ಕೆಳಗೆ ನನ್ನ ಹೆಸರನ್ನು ಸರಿಯಾಗಿ ಬರೆದು, ನೆಂಟರ ಗ್ರೂಪಿಗೆಲ್ಲ ಕಳಿಸಿದವನು ನಾನೇ. ಅದನ್ನು ನೋಡಿಯೇ ಅವನು ಫೋನ್ ಮಾಡಿದ್ದ.