ಇಪ್ಪತ್ತು ಮಂದಿಯ ಒಲೆ

ಜಗತ್ತಿನಲ್ಲಿ ಅಳತೆಗೆ ಸಿಗದ ವಸ್ತುವೇ ಇಲ್ಲ ಎಂದು ನಂಬಿದವನು ನಾನು. ಮಣಿಕೊಂಡದ ನಮ್ಮ ಫ್ಲ್ಯಾಟಿಗೆ ಪರದೆ ಕೊಳ್ಳುವಾಗಲೂ ಎಕ್ಸೆಲ್ ಶೀಟ್ ಮಾಡಿದ ಮಹಾನುಭಾವ! ಅಂಥವನಿಗೆ ಒಂದು ಇದ್ದಿಲ ಒಲೆಯ ಸೈಜು ಆರಿಸುವುದೂ ಒಂದು ಕೆಲಸವೇ? "ನೋಡಕೋತ ಇರು ಶೀತಲ, ಈ ರವಿವಾರ ಅಪ್ಪ ಹೊಟ್ಟಿ ತುಂಬ ಉಣ್ತಾರ" ಎಂದು ಹೆಂಡತಿಯ ಮುಂದೆ ಘೋಷಿಸಿಯೇಬಿಟ್ಟೆ.

ಘೋಷಣೆಗೆ ಕಾರಣವಿತ್ತು. ಅವ್ವ ತೀರಿಕೊಂಡು ಮೂರು ತಿಂಗಳಾಗಿತ್ತು. ಅಂದಿನಿಂದ ಅಪ್ಪ ನಮ್ಮ ಜೊತೆಗೇ ಇದ್ದರು. ಊಟಕ್ಕೆ ಕೂತರೆ ಅರ್ಧ ರೊಟ್ಟಿ ಮುರಿದು, ಅದರಲ್ಲೂ ಅರ್ಧವನ್ನು ತಾಟಿನ ಅಂಚಿಗೆ ಸರಿಸಿ, "ಸಾಕವಾ" ಎಂದು ಏಳುತ್ತಿದ್ದರು. ಡಾಕ್ಟರಿಗೆ ಯಾವ ರೋಗವೂ ಸಿಗಲಿಲ್ಲ. ಅಂಗಿಯ ಕಾಲರಿನೊಳಗೆ ಅಪ್ಪನ ಕುತ್ತಿಗೆ ಮಾತ್ರ ವಾರದಿಂದ ವಾರಕ್ಕೆ ಸಣ್ಣದಾಗುತ್ತಿತ್ತು.

ಜನವರಿಯ ಒಂದು ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತು, ಯಾರಿಗೂ ಅಲ್ಲವೆಂಬಂತೆ ಅಂದರು: "ಈಗ ಊರಾಗ ಸೀತನಿ ಬಂದಿರತಾವ."

ಸೀತನಿ! ಕಾಳು ಇನ್ನೂ ಹಾಲುಹಾಲಾಗಿರುವ ಜೋಳದ ತೆನೆ. ನಮ್ಮೂರು ಇಂಡಿಯ ಹೊಲದಲ್ಲಿ ಕುಣಿ ತೋಡಿ, ಕೆಂಡ ಮಾಡಿ, ತೆನೆ ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುವ ಹಬ್ಬ ಅದು. ಕೆಂಡದ ಸುತ್ತ ಇಪ್ಪತ್ತು ಮಂದಿ ಕೂಡುತ್ತಿದ್ದೆವು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ತೆರೆದ ಬೆಂಕಿ ನಿಷಿದ್ಧ. ಮುಚ್ಚಳವಿರುವ ಸೆರಾಮಿಕ್ ಗ್ರಿಲ್ ಆದರೆ ಅಡ್ಡಿಯಿಲ್ಲ ಎಂದು ಕಾರ್ಯದರ್ಶಿ ಹನುಮಂತರಾಯರು ಒಪ್ಪಿದರು. ಅಂಗಡಿಗೆ ಓಡಿದೆವು. ಅಲ್ಲಿ ನಾಲ್ಕು ಸೈಜು: ಇಬ್ಬರಿಗೆ, ಆರು ಮಂದಿಗೆ, ಹತ್ತು ಮಂದಿಗೆ, ಇಪ್ಪತ್ತು ಮಂದಿಗೆ.

"ಸಣ್ಣದು ಸಾಕ್ರೀ" ಎಂದಳು ಶೀತಲ. "ಮನ್ಯಾಗ ಇರೋರು ಮೂರು ಮಂದಿ. ಅದರಾಗ ಒಬ್ಬರು ಉಣ್ಣಾಂಗಿಲ್ಲ."

"ಉಣಿಸಾಕಂತನ ತಗೊಳ್ಳಾಕತ್ತೀನಿ! ಹೊಲದಾಗ ಇಪ್ಪತ್ತು ಮಂದಿ ಕೂಡತಿದ್ವಿ."

"ಉಳಿದ ಹದಿನೇಳು ಮಂದಿನ್ನ ಎಲ್ಲಿಂದ ತರತೀರಿ?"

"ಇದ ಶಹರದ ತಾರ್ನಾಕದಾಗ ಹುಟ್ಟಿ ಬೆಳದಾಕಿಗೆ ಸೀತನಿ ಸುದ್ದಿ ಏನ್ ತಿಳಿತೈತಿ?"

"ನಮ್ಮ ಬಾಲ್ಕನಿ ಅಳತಿ ತಿಳಿತೈತ್ರಿ."

ನಾನು ನಕ್ಕೆ. ಜ್ಞಾನಿಗಳು ಅಜ್ಞಾನಿಗಳನ್ನು ನೋಡಿ ನಗುವ ನಗೆ! ನನ್ನ ಎಕ್ಸೆಲ್ ಶೀಟಿನಲ್ಲಿ ಇದ್ದಿಲಿಗೆ, ತೆನೆಗೆ, ನಿಮಿಷಕ್ಕೆ ಒಂದೊಂದು ಕಾಲಂ ಇತ್ತು. ಬಾಗಿಲಿನ ಅಗಲಕ್ಕೆ ಇರಲಿಲ್ಲ.

ಶನಿವಾರ ನಾಲ್ವರು ಹಮಾಲರು ಇಪ್ಪತ್ತು ಮಂದಿಯ ಒಲೆಯನ್ನೇ ತಂದಿಳಿಸಿದರು. ಐರಾವತವೇನಾದರೂ ತತ್ತಿ ಇಟ್ಟಿದ್ದರೆ ಹೀಗೇ ಇರುತ್ತಿತ್ತು! ಲಿಫ್ಟು ಕಿರುಚಿಕೊಂಡು ಒಲ್ಲೆನೆಂದಿತು. ಆರು ಮಹಡಿಯನ್ನು ಮೆಟ್ಟಿಲಲ್ಲೇ ಹತ್ತಿಸಿದೆವು. ಬಾಲ್ಕನಿಯ ಬಾಗಿಲಲ್ಲಿ ತೂರಲಿಲ್ಲ, ಬಾಗಿಲನ್ನೇ ಕಳಚಿದೆವು. ವಾಷಿಂಗ್ ಮಷೀನು ಮಲಗುವ ಕೋಣೆಗೆ ವಲಸೆ ಹೋಯಿತು. ಒಲೆಯ ಪಟ್ಟಾಭಿಷೇಕ ಮುಗಿದಾಗ ಬಾಲ್ಕನಿಯಲ್ಲಿ ಉಳಿದದ್ದು ಒಬ್ಬನಿಗೆ ನಿಲ್ಲುವಷ್ಟು ಜಾಗ, ಅದೂ ಅಡ್ಡಡ್ಡ!

ಅಪ್ಪ ಹೊಸ್ತಿಲಲ್ಲಿ ನಿಂತು ದಿಟ್ಟಿಸಿದರು. "ಇದೇನೋ ಯಶ್ವಂತಾ, ಕಾಳು ತುಂಬಿಡೋ ಗುಮ್ಮಿ ಏನು?"

"ಒಲಿ ಅಪ್ಪಾ! ನಾಳಿಗೆ ಸೀತನಿ!"

ಮರುದಿನ ಬೆಳಿಗ್ಗೆ, ಯಾರೂ ಹೇಳದೆಯೇ, ಅಪ್ಪ ಬೆಳೆದ ಗಡ್ಡ ತೆಗೆದು, ಇಸ್ತ್ರಿಯ ಅಂಗಿ ತೊಟ್ಟು ಬಂದು ಕುರ್ಚಿಯಲ್ಲಿ ಕೂತರು. ಇನ್ನು ಸೋಲುವಂತಿರಲಿಲ್ಲ.

ನನ್ನ ಕಕ್ಕನ ಮಗ ಸೂರ್ಯಕಾಂತ ಹಸಿ ಗೋಣಿಚೀಲದಲ್ಲಿ ಸುತ್ತಿದ ನಲವತ್ತು ತೆನೆಗಳನ್ನು ಸೊಲ್ಲಾಪುರದಿಂದ ನಮ್ಮಲ್ಲಿಗೆ ಬರುವ ಬಸ್ಸಿಗೆ ಹಾಕಿ ಕಳಿಸಿದ್ದ. ನಾನು ಇಡೀ ಚೀಲ ಇದ್ದಿಲು ಸುರಿದು ಹೊತ್ತಿಸಿದೆ. ಇಪ್ಪತ್ತು ಮಂದಿಯ ಒಲೆ, ಕಡಿಮೆ ಹಾಕಿದರೆ ಅದಕ್ಕೇ ಅವಮಾನ! ಕೆಂಡವಾದ ಮೇಲೆ ತೆನೆ ಜೋಡಿಸಿ, ಒಲೆಯ ಜೊತೆ ಬಂದ ಪುಸ್ತಕದಲ್ಲಿ ಬರೆದಂತೆ ಮುಚ್ಚಳ ಮುಚ್ಚಿ, ಕೈಗಡಿಯಾರ ನೋಡುತ್ತ ನಿಂತೆ. ಹತ್ತು ನಿಮಿಷಕ್ಕೆ ಮುಚ್ಚಳ ಎತ್ತಿದೆ.

ಭಗ್!

ಬೆಂಕಿ ಮೇಲೆದ್ದು ನನ್ನನ್ನು ಮಾತಾಡಿಸಿ ಹೋಯಿತು. ಮೂವತ್ತೈದು ತೆನೆ ವಿಭೂತಿಯಾಗಿದ್ದವು. ಮೂರು ತಲೆಮಾರಿಗೆ ಸಾಕಾಗುವಷ್ಟು! ಅಂಚಿನಲ್ಲಿದ್ದ ಐದು ಮಾತ್ರ ಬದುಕಿದ್ದವು.

"ರೀ, ನಿಮ್ಮ ಹುಬ್ಬು ಎಲ್ಲಿ?"

"ಹುಬ್ಬಿನ ಸುದ್ದಿ ಬಿಡು, ತಾಟು ತಾ!"

ಒಂದು ತೆನೆಯನ್ನು ಅಂಗೈಗೆ ಹಾಕಿಕೊಂಡೆ. ಅಯ್ಯಯ್ಯೋ! ಹದಿನಾಲ್ಕು ವರ್ಷ ಕೀಬೋರ್ಡನ್ನು ಬಿಟ್ಟು ಬೇರೇನನ್ನೂ ತಿಕ್ಕದ ಕೈ. ತೆನೆ ನೆಲಕ್ಕೆ ಬಿತ್ತು, ನಾನು ಕುಣಿದೆ.

"ನಿನಗ ಬರಾಂಗಿಲ್ಲ ಬಿಡೋ. ಇಲ್ಲಿ ಕೊಡು" ಎಂದು ಅಪ್ಪ ಇನ್ನೊಂದು ತೆನೆ ತೆಗೆದುಕೊಂಡರು. ಎರಡು ಸಲ ತಿಕ್ಕಿದರು. ಮೂರನೆಯ ಸಲಕ್ಕೆ ಕೈ ನಿಂತಿತು. ಕೆಂಪಾದ ಅಂಗೈಯನ್ನೇ ಬಹಳ ಹೊತ್ತು ನೋಡಿದರು.

"ನಲವತ್ತೇಳು ವರ್ಷ ತಿಂದೀನಿ" ಎಂದರು. "ಒಮ್ಮಿನೂ ತಿಕ್ಕಿಲ್ಲ. ನಿಮ್ಮವ್ವ ತಿಕ್ಕಿ, ಊದಿ, ತಾಟಿಗೆ ಹಾಕತಿದ್ಲು. ನಾ ತಿನಕೋತ ಮಂದಿ ಜೋಡಿ ಮಾತಾಡತಿದ್ದೆ."

ಆಮೇಲೆ, ಇನ್ನೂ ಸಣ್ಣ ದನಿಯಲ್ಲಿ: "ಇಷ್ಟು ಸುಡತೈತಿ ಅಂತ ಆಕಿ ಒಂದಿನಾನೂ ಅನಲಿಲ್ಲೋ."

ಕೆಂಡದ ಸುತ್ತ ಕೂತ ಇಪ್ಪತ್ತು ಮಂದಿಯನ್ನು ಮನಸ್ಸಿನಲ್ಲೇ ಒಬ್ಬೊಬ್ಬರಾಗಿ ಎಣಿಸಿದೆ. ಇಪ್ಪತ್ತು ಸರಿಯಾಗಿತ್ತು. ಅದರಲ್ಲಿ ಅವ್ವ ಇರಲಿಲ್ಲ. ಆಕೆ ಕೂತು ತಿಂದದ್ದನ್ನು ನಾನು ನೋಡಿಯೇ ಇರಲಿಲ್ಲ.

ಅವ್ವ ಹೋದ ದಿನವೂ ಅಳದ ಅಪ್ಪ, ಜೋಳದ ತೆನೆ ಹಿಡಿದುಕೊಂಡು ಅತ್ತರು.

ಶೀತಲ ಒದ್ದೆ ಟವೆಲ್ ತಂದು, ಅದರೊಳಗೆ ತೆನೆ ಸುತ್ತಿ ತಿಕ್ಕಿದಳು. ಊದಿದಳು. ಹೊಟ್ಟೆಲ್ಲ ಹಾರಿ ಬಂದು ನನ್ನ ಬೋಳು ಹುಬ್ಬಿಗೆ ಮೆತ್ತಿಕೊಂಡಿತು!

"ಆ ಕಡೆ ಊದವಾ" ಎಂದು ಅಪ್ಪ ಕಣ್ಣೊರೆಸಿಕೊಂಡರು. ತಾಟಿನ ಕಾಳನ್ನು ಬೊಗಸೆಯಲ್ಲಿ ಎತ್ತಿ ಶೀತಲಳ ಮುಂದೆ ಹಿಡಿದರು. "ಮದಲ ನೀ ತಿನ್ನು."

"ನೀವು ತಿನ್ರಿ ಮಾವಾರ."

"ತಿಕ್ಕಿದಾಕಿ ಮದಲ ತಿನ್ನಲಿ."

ಅವಳು ತಿಂದ ಮೇಲೆ ಅಪ್ಪ ತಿಂದರು. ನಾಲ್ಕು ತೆನೆಯ ಕಾಳು ಮುಗಿದಾಗ ತಲೆ ಎತ್ತಿ ಕೇಳಿದರು: "ರೊಟ್ಟಿ ಐತೇನವಾ?"

ಆ ಒಲೆಯನ್ನು ನಾವು ಮತ್ತೆ ಹೊತ್ತಿಸಲಿಲ್ಲ. ವಾಪಸು ಕೊಡೋಣವೆಂದರೆ ಅಂಗಡಿಯವನು ಫೋನು ಎತ್ತಲಿಲ್ಲ. ತಿಂಗಳ ನಂತರ ಒಂದು ಸಂಜೆ ಆಫೀಸಿನಿಂದ ಬಂದಾಗ ಅಪ್ಪ ಅದರ ಹೊಟ್ಟೆಯನ್ನು ತೊಳೆದು ಒರೆಸಿ, ಸೂರ್ಯಕಾಂತ ಕಳಿಸಿದ ಹೊಸ ಜೋಳವನ್ನು ಸುರಿಯುತ್ತಿದ್ದರು. ಮೇಲೆ ಬೇವಿನೆಲೆ ಹರಡಿ, ಮುಚ್ಚಳ ಹಾಕಿ, ಅದರ ಬೆನ್ನು ತಟ್ಟಿದರು.

"ಸೈಜು ಬರೋಬ್ಬರಿ ಆರಿಸೀದಿ, ಯಶ್ವಂತಾ. ಅರ್ಧ ಚೀಲ ಹಿಡಿತೈತಿ. ಈಗಿನ ನನ್ನ ಹಸಿವಿಗೆ ಯುಗಾದಿ ತನಕ ಸಾಕು."