ಮೇಷ್ಟ್ರು ಅಳಿಸಿದ ಮೂರು ಸಾಲು

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ರಸಾಯನಶಾಸ್ತ್ರದ ಮೇಷ್ಟ್ರು ಹೆಂಡತಿಯ ಕಂಪ್ಯೂಟರ್ ಪ್ರೋಗ್ರಾಮಿನಿಂದ ಮೂರು ಸಾಲು ಅಳಿಸುತ್ತಿದ್ದರು. ಹೆಂಡತಿ ಸ್ನಾನಕ್ಕೆ ಹೋಗಿದ್ದಳು. (ಇಂಥ ಘನಕಾರ್ಯಗಳಿಗೆ ಅದೇ ಸುಸಮಯ.)

ಆ ಸಾಲುಗಳ ಮೇಲೆ ಅವರಿಗೇನೂ ಹಗೆಯಿರಲಿಲ್ಲ. ಹಗೆಯಿದ್ದದ್ದು ಅವನ್ನು ಹೇಳಿಕೊಟ್ಟ 'ಸರ್' ಮೇಲೆ. ಹೆಂಡತಿ ಆನ್‌ಲೈನ್ ತರಗತಿಗೆ ಸೇರಿದಾಗಿನಿಂದ ಮನೆಯಲ್ಲಿ ಸರ್ ಹೇಳಿದ್ದೇ ವೇದವಾಕ್ಯ. "ಸರ್ ಎಷ್ಟು ತಾಳ್ಮೆಯಿಂದ ಹೇಳ್ತಾರೆ ಗೊತ್ತಾ? ದನಿ ಎತ್ತೋದೇ ಇಲ್ಲ!" ಅಲ್ಲಿಯವರೆಗೆ ಮನೆಯ ಏಕಮೇವ ವಿಜ್ಞಾನಿಯಾಗಿದ್ದ ಮೇಷ್ಟ್ರ ಹೊಟ್ಟೆಯಲ್ಲಿ ಯಾವ ಪಠ್ಯದಲ್ಲೂ ಇಲ್ಲದ ಆಮ್ಲವೊಂದು ತಯಾರಾಗತೊಡಗಿತ್ತು.

ಹನ್ನೊಂದಕ್ಕೆ ಹೆಂಡತಿ ಇಡೀ ತರಗತಿಗೆ ತನ್ನ ಮೊದಲ ಪ್ರೋಗ್ರಾಮ್ ತೋರಿಸಬೇಕಿತ್ತು. ಒಂದು, ಒಂದು, ಎರಡು, ಮೂರು, ಐದು, ಎಂಟು: ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಐವತ್ತನೆಯದು ಬೇಕೆಂದರೆ ಪ್ರೋಗ್ರಾಮ್ ತನ್ನನ್ನೇ ಕರೆದು ನಲವತ್ತೊಂಬತ್ತನೆಯದನ್ನೂ ನಲವತ್ತೆಂಟನೆಯದನ್ನೂ ಕೇಳುತ್ತದೆ; ಅವು ತಮ್ಮ ಹಿಂದಿನವನ್ನು; ಹೀಗೆ ಮೊದಲೆರಡರವರೆಗೆ. ಸರ್ ಸೇರಿಸಿದ ಮೂರು ಸಾಲು, ಒಮ್ಮೆ ಸಿಕ್ಕ ಉತ್ತರವನ್ನು ನೆನಪಿಟ್ಟುಕೊಳ್ಳಲು. ಮೇಷ್ಟ್ರು ಅವನ್ನು ಕಿತ್ತು ಹತ್ತನೆಯ ಸಂಖ್ಯೆ ಕೇಳಿದರು. ತಟ್ಟನೆ ಬಂತು. ಸರ್ ಬಣ್ಣ ಬಯಲಾಯಿತು!

"ಏನ್ರೀ ಮಾಡ್ತಿದ್ದೀರಾ?" ಹೆಂಡತಿ ತಲೆ ಒರೆಸಿಕೊಳ್ಳುತ್ತ ಬಂದಳು.

"ಶುದ್ಧೀಕರಣ. ನಿನ್ನ ಸರ್ ಸುಮ್ನೆ ಉದ್ದ ಮಾಡಿದ್ದಾರೆ."

"ಅಯ್ಯೋ, ಐವತ್ತನೇದು ಬರಬೇಕು ಕಣ್ರೀ! ಎಷ್ಟು ಹೊತ್ತು ಹಿಡಿಯುತ್ತೆ?"

"ಎರಡು ನಿಮಿಷ," ಎಂದು ಮೇಷ್ಟ್ರು ಗತ್ತಿನಿಂದ ಗುಂಡಿ ಒತ್ತಿದರು.

ಕಂಪ್ಯೂಟರಿನ ಫ್ಯಾನು ಏದುಸಿರು ಬಿಡತೊಡಗಿತು. ಐದು ನಿಮಿಷವಾಯಿತು, ಹತ್ತಾಯಿತು. ಪರದೆ ಮೌನವ್ರತದಲ್ಲಿತ್ತು.

"ನಿಲ್ಸಿ ಅಂದ್ರೆ!"

"ಈಗ ನಿಲ್ಲಿಸಿದ್ರೆ ಮತ್ತೆ ಮೊದಲಿಂದ ಆಗುತ್ತೆ."

"ಅದು ಮಾಡ್ತಿರೋದೂ ಅದನ್ನೇ! ಮೂವತ್ತನೇದು ಎಷ್ಟು ಅಂತ ಸಾವಿರಾರು ಸಲ ಕೇಳುತ್ತೆ, ಮರೆಯುತ್ತೆ, ಮತ್ತೆ ಕೇಳುತ್ತೆ. ಥೇಟ್ ನಿಮ್ಮ ಹಾಗೆ!"

"ನಾನೇನು ಕೇಳ್ದೆ?"

"ಸರ್ ವಯಸ್ಸೆಷ್ಟು ಅಂತ. ಸೋಮವಾರ ಕೇಳಿದ್ರಿ, ಹೇಳಿದೆ. ಬುಧವಾರ ಕೇಳಿದ್ರಿ, ಹೇಳಿದೆ. ನಿನ್ನೆ ಊಟಕ್ಕೆ ಕೂತಾಗ..."

"ಏನು ಹೇಳ್ದೆ?"

"ನೋಡಿ, ಮತ್ತೆ!"

ಹನ್ನೊಂದು ಹೊಡೆಯಿತು. ಅಳು ನುಂಗಿಕೊಂಡು ಹೆಂಡತಿ ಫೋನಿನಲ್ಲೇ ತರಗತಿಗೆ ಸೇರಿ, ನಡೆದದ್ದನ್ನು ಹೇಳಿದಳು. ಮೇಷ್ಟ್ರು ಕತ್ತು ಚಾಚಿ ಇಣುಕಿದರು. ಬೆಳ್ಳಗಾದ ಹುಬ್ಬಿನ, ಬೊಚ್ಚುಬಾಯಿಯ ತಾತ ಒಬ್ಬರು ನಗುತ್ತಿದ್ದರು. ಹಿಂದೆ ಮೊಮ್ಮಗಳು ಅವರ ಕನ್ನಡಕ ಹುಡುಕುತ್ತಿದ್ದಳು. ಆಮ್ಲವೆಲ್ಲ ಒಮ್ಮೆಗೇ ಇಂಗಿತು. (ಆ ಜಾಗಕ್ಕೆ ನಾಚಿಕೆ ಬಂದು ಕೂತಿತು.)

"ಹೆದರಬೇಡಮ್ಮ, ನೀನು ನಿನ್ನೆ ಕಳಿಸಿದ್ದು ನನ್ನ ಹತ್ರ ಇದೆ," ಎಂದು ಸರ್ ಅದನ್ನು ಓಡಿಸಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ: ಸಾವಿರದ ಇನ್ನೂರ ಐವತ್ತೆಂಟು ಕೋಟಿ ಚಿಲ್ಲರೆ. ತರಗತಿಯವರೆಲ್ಲ ಚಪ್ಪಾಳೆ ತಟ್ಟಿದರು. ಹೆಂಡತಿಯ ಮುಖ ಅರಳಿತು.

"ಆ ಸಾಲುಗಳಿಲ್ಲದಿದ್ರೆ ಏನಾಗುತ್ತೆ ಅಂತ ತೋರಿಸೋಕೆ ನನಗೊಬ್ಬರು ಬೇಕಿತ್ತು," ಎಂದರು ಸರ್, ಒಂದಿಷ್ಟೂ ದನಿ ಎತ್ತದೆ. "ನಿನ್ನ ಯಜಮಾನ್ರು ಉಪಕಾರ ಮಾಡಿದ್ರು. ಎಷ್ಟು ಹೊತ್ತಲ್ಲಿ ಬರುತ್ತೆ ಅಂದಿದ್ರಮ್ಮ?"

"ಅವರನ್ನೇ ಕೇಳಿ, ಸರ್," ಎಂದು ಹೆಂಡತಿ ಫೋನನ್ನು ಗಂಡನ ಕಡೆಗೆ ತಿರುಗಿಸಿದಳು.

ಪರದೆಯ ತುಂಬ ಮುಖಗಳು ಕಾದಿದ್ದವು. ಹಿಂದೆ ಫ್ಯಾನು ಇನ್ನೂ ಮೊರೆಯುತ್ತಿತ್ತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಎರಡು ನಿಮಿಷ."